ನಾನು ಓದದೆ ಬಿಟ್ಟ ಮೋಡಿ ಹಾಳೆಗಳು

ಆ ಕಡತದಲ್ಲಿ ನನಗೆ ಓದಲು ಬಾರದ ನಾಲ್ಕು ಹಾಳೆಗಳಿದ್ದವು. ಬಾರದು ಎಂದು ಒಪ್ಪಿಕೊಂಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಬೇಕಾಗಿಲ್ಲ ಎಂದೆ, ಅಲ್ಲಿಂದ ಎಲ್ಲ ಕೆಟ್ಟಿತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಚಿಕ್ಕೋಡಿಯಲ್ಲಿ ವಕೀಲಿ ಮಾಡುತ್ತಿದ್ದೆ. ಕೋರ್ಟಿನ ಮೆಟ್ಟಿಲು ಹತ್ತಿದ ಕವಿಗಳ ಬಗ್ಗೆ ಬರೆಯುವ ಹುಚ್ಚು ಹಿಡಿದಿತ್ತು. ವಾರಪತ್ರಿಕೆಗೆ ಕೆಲವು ಲೇಖನ ಬರೆದು, ನಾಲ್ಕು ಜನ ಭೇಷ್ ಎಂದ ಮೇಲೆ, ಒಂದು ಪೂರ್ತಿ ಪುಸ್ತಕಕ್ಕೆ ಕೈ ಹಾಕಿದೆ. ಪುಸ್ತಕ ರಾಯಬಾಗ ಕಡೆಯ ಒಂದು ಹಳ್ಳಿಯ ಕವಿಯ ಬಗ್ಗೆ. ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮೊದಲು ಅವರು ಅಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು, ಗೀಗೀ ಪದ ಕಟ್ಟಿ ಹಾಡುತ್ತಿದ್ದರು. ರೈತರ ಕಣದಿಂದ ಜೋಳ ಎತ್ತಿಸುತ್ತಿದ್ದ ಇನಾಮದಾರನನ್ನು ಗೇಲಿ ಮಾಡಿದ ಒಂದು ಪದ ಸುತ್ತಲ ಹಳ್ಳಿಗಳಲ್ಲೆಲ್ಲ ಹಬ್ಬಿತು. ಇನಾಮದಾರ ಮಾನಹಾನಿ ಫಿರ್ಯಾದಿ ಹಾಕಿದ. ಮಾಸ್ತರರಿಗೆ ಮೂರು ತಿಂಗಳ ಶಿಕ್ಷೆಯಾಯಿತು, ನೌಕರಿ ಹೋಯಿತು, ಜೈಲಿನಿಂದ ಬಂದ ಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ. ಊರವರು ಪ್ರತಿ ವರ್ಷ ಅವರ ಪುಣ್ಯತಿಥಿಗೆ ಶಾಲೆಯ ಅಂಗಳದಲ್ಲಿ ಪದ ಹಾಡಿಸುತ್ತಾರೆ.

ಅಷ್ಟು ಹಳೆಯ ಖಟ್ಲೆಯ ಕಾಗದ ಎಂದೋ ನಾಶವಾಗಿರಬೇಕಿತ್ತು. ಅಪೀಲಿಗೆ ಹೋಗಿ ತಿರುಗಿ ಬಂದದ್ದರಿಂದ ಬೇರೊಂದು ರುಮಾಲಿನಲ್ಲಿ, ಅಂದರೆ ಕೆಂಪು ಬಟ್ಟೆಯ ಗಂಟಿನಲ್ಲಿ, ಸೇರಿ ಉಳಿದಿತ್ತು. ಅದನ್ನು ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಕೋರ್ಟು ಊಟಕ್ಕೆ ಎದ್ದಾಗ ರೆಕಾರ್ಡ್ ರೂಮಿಗೆ ಹೋಗುವುದು, ಒಂದು ಗಂಟು ಬಿಚ್ಚುವುದು, ಧೂಳು ಕುಡಿಯುವುದು, ಮತ್ತೆ ಕಟ್ಟುವುದು. ಸಿಕ್ಕ ದಿನ ರೆಕಾರ್ಡ್ ಕಾರಕೂನನನ್ನು ತಬ್ಬಿಕೊಂಡಿದ್ದೆ. ಅವನು ಅಂಗಿಯ ಧೂಳು ಝಾಡಿಸಿಕೊಳ್ಳುತ್ತ, "ಇರ್ಲಿ ಬಿಡ್ರಿ ಸಾಹೇಬ್ರ, ಯಾರರೆ ನೋಡ್ಯಾರು," ಎಂದ.

ಕಡತದಲ್ಲಿ ಫಿರ್ಯಾದಿ ಇತ್ತು, ಮೂರು ಸಾಕ್ಷಿಗಳ ಹೇಳಿಕೆ ಇತ್ತು, ಇಂಗ್ಲಿಷಿನ ಜಡ್ಜಮೆಂಟು ಇತ್ತು. ಮೂರನೆಯ ಸಾಕ್ಷಿ ಮಾಸ್ತರರ ಮೇಳದಲ್ಲಿ ಹಿಂದೆ ನಿಂತು ಒಂಟಿ ತಂತಿಯ ತುಂತುಣಿ ಬಾರಿಸುತ್ತಿದ್ದವನು. ಅವನ ಹೇಳಿಕೆ ಚೊಕ್ಕ ಕನ್ನಡದಲ್ಲಿತ್ತು: ಈ ಪದ ಕಟ್ಟಿದವರು ಮಾಸ್ತರರು, ಕಟ್ಟಿದ್ದು ಇನಾಮದಾರರ ಮೇಲೆ, ನನ್ನ ಎದುರಿಗೇ ಕಟ್ಟಿದರು. ಕೆಳಗೆ ಹೆಬ್ಬೆಟ್ಟು. ಓದಿದವನೇ ಕುರ್ಚಿಯಿಂದ ಎದ್ದುಬಿಟ್ಟೆ. ಪುಸ್ತಕಕ್ಕೆ ಒಬ್ಬ ಕವಿ ಸಿಕ್ಕಿದ್ದ, ಈಗ ಒಬ್ಬ ದ್ರೋಹಿಯೂ ಸಿಕ್ಕಿದ.

ಅದರ ಹಿಂದೆ ಹೊಲಿದಿದ್ದವು ಆ ನಾಲ್ಕು ಹಾಳೆಗಳು. ಮರಾಠಿ, ಅದೂ ಮೋಡಿ ಲಿಪಿ. ಹಿಂದಿನ ಕಾರಕೂನರು ಪುಟದ ಅಡ್ಡಕ್ಕೂ ಮೊದಲು ಗೆರೆ ಎಳೆದುಕೊಂಡು, ಆಮೇಲೆ ಲೇಖಣಿ ಎತ್ತದೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತ ಹೋಗುತ್ತಿದ್ದರು. ಶಬ್ದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬುದು ಗೊತ್ತಿದ್ದವರಿಗಷ್ಟೇ ಗೊತ್ತು. ನಾನು ಮರಾಠಿ ಮಾತಾಡುತ್ತೇನೆ, ಅಚ್ಚಿನ ಮರಾಠಿ ಓದುತ್ತೇನೆ. ಮೋಡಿ ಮಾತ್ರ ಬಾರದು.

ನಕಲಿಗೆ ಅರ್ಜಿ ಕೊಟ್ಟಾಗ ಕಾರಕೂನ ಕೇಳಿದ, "ಈ ಮೋಡಿ ಹಾಳಿ ಸೈತ ಬೇಕೇನ್ರಿ?"

"ಅವು ರೋಜನಾಮೆ ಇರ್ತಾವು. ತಾರೀಖು ಮುಂದ ಹಾಕಿದ್ದು ತಗೊಂಡು ನಾ ಏನ ಮಾಡ್ಲಿ? ಬಿಡ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ಅಂಥ ಖಟ್ಲೆಗಳಲ್ಲಿ ಆಗಿನ ಕಾಯ್ದೆಯ ಪ್ರಕಾರ ಫಿರ್ಯಾದಿಯ ಸಾಕ್ಷಿಯನ್ನು ಎರಡು ಸಲ ಕರೆಯುವುದಿತ್ತು. ಮೊದಲ ಸಲ ಫಿರ್ಯಾದಿಯ ಪರವಾಗಿ ಹೇಳಿಸಿಕೊಳ್ಳುತ್ತಿದ್ದರು. ಆರೋಪ ಹೊರಿಸಿದ ಮೇಲೆ ಆರೋಪಿಯ ವಕೀಲ ಅವನನ್ನು ತಿರುಗಿ ಕರೆಸಿ ಪಾಟೀಸವಾಲು ಮಾಡಬಹುದಿತ್ತು. ಇದು ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ವಕೀಲನಿಗೂ ಗೊತ್ತು. ಮೂರನೆಯ ಸಾಕ್ಷಿಯ ಪಾಟೀಸವಾಲು ಎಲ್ಲಿ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬಬಾರದು. ಹೊಳೆದಿತ್ತು. ಜಡ್ಜಮೆಂಟಿನಲ್ಲಿ ಮ್ಯಾಜಿಸ್ಟ್ರೇಟರು ಬರೆದಿದ್ದರು, ಈ ಸಾಕ್ಷಿ ನಂತರ ಹೇಳಿದ್ದನ್ನು ನಂಬಲು ಕಾರಣವಿಲ್ಲ ಎಂದು. ನನ್ನ ನಕಲಿನಲ್ಲಿ ಆ 'ನಂತರ' ಎಂಬುದರ ಮೇಲೆ ಪೆನ್ಸಿಲಿನಿಂದ ಒಂದು ಚಿಕ್ಕ ಪ್ರಶ್ನೆಚಿಹ್ನೆ ಹಾಕಿದ್ದೆ. ಅಳಿಸಿಯೂ ಬಿಟ್ಟೆ. ಮಾಸ್ತರರ ಪುಣ್ಯತಿಥಿಯ ದಿನವೇ ಬಿಡುಗಡೆ ಎಂದು ಊರವರಿಗೆ ಮಾತು ಕೊಟ್ಟಾಗಿತ್ತು, ಪ್ರೆಸ್ಸಿನವನು ಐದನೆಯ ಅಧ್ಯಾಯಕ್ಕೆ ಕಾದು ಕೂತಿದ್ದ.

ಆ ಅಧ್ಯಾಯದಲ್ಲಿ ಬರೆದೆ: "ಗುರುವಿನ ಹಿಂದೆ ನಿಂತು ತುಂತುಣಿ ಬಾರಿಸಿದವನೇ ಕೋರ್ಟಿನಲ್ಲಿ ಗುರುವಿನ ಎದುರು ನಿಂತ. ಕೆಲಸ ಮುಗಿದ ಮೇಲೆ ಊರಿಗೆ ಮುಖ ತೋರಿಸಲಾರದೆ ಓಡಿಹೋದ." ಖಟ್ಲೆಯ ಮರುವರ್ಷ ಅವನು ಊರು ಬಿಟ್ಟಿದ್ದ ಎಂದು ಹಳಬರೊಬ್ಬರು ಹೇಳಿದ್ದರು. ಯಾಕೆ ಬಿಟ್ಟ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರಣವನ್ನು ನಾನೇ ತುಂಬಿದೆ. ಅವನು ಇನ್ನೂ ಬದುಕಿದ್ದಾನೆ, ಶೇಡಬಾಳದಲ್ಲಿದ್ದಾನೆ ಎಂಬುದೂ ಗೊತ್ತಿತ್ತು. ಎರಡು ಬಸ್ಸು ಬದಲಿಸಿದರೆ ಅವನ ಮನೆ. ದಸ್ತಾವೇಜು ಕೈಯಲ್ಲಿರುವಾಗ ಮುದುಕನ ಬಾಯಿಮಾತು ಯಾಕೆ ಎಂದು ಹೋಗಲಿಲ್ಲ.

ಪುಸ್ತಕ ಬಿಡುಗಡೆಯಾಯಿತು. ಮಾತಾಡಿದವರೆಲ್ಲ ಆ ವಾಕ್ಯವನ್ನೇ ಎತ್ತಿ ಆಡಿದರು. ನಾನು ಶಾಲು ಹೊದ್ದು ಕೂತು ಕೇಳಿದೆ.

ಮರುವರ್ಷ ಒಂದು ಸೋಮವಾರ ನನ್ನ ಆಫೀಸಿನ ಬಾಕಿನ ಮೇಲೆ ಒಬ್ಬ ಅಜ್ಜ ಬಂದು ಕೂತ. ಬಿಳಿ ರುಮಾಲು, ಮಾಸಿದ ಧೋತರ, ತೊಡೆಯ ಮೇಲೆ ಒಂದು ಕೈಚೀಲ. ಪಕ್ಷಗಾರರೆಲ್ಲ ಹೋಗುವವರೆಗೆ ಕಾಯ್ದ. ಆಮೇಲೆ ಎದ್ದು ಬಂದು ಕೈಚೀಲದಿಂದ ನನ್ನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

"ಒಂದ ಕೇಸ್ ಹಾಕೂದೈತ್ರಿ," ಎಂದ.

"ಯಾರ ಮ್ಯಾಲ, ಅಜ್ಜಾರ?"

"ಇದನ್ನ ಬರ್ದಾವ್ರ ಮ್ಯಾಲ."

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಅಜ್ಜ ನಗಲಿಲ್ಲ.

"ಬರ್ದಾವ್ರು ನೀವ ಅನ್ನೂದು ಗೊತ್ತೈತ್ರಿ. ಇಲ್ಲಿ ಇಬ್ಬರು ವಕೀಲರ ಕಡೆ ಹೋಗಿದ್ನಿ. ನಮ್ಮ ಬಾರಿನ ವಕೀಲರ ಮ್ಯಾಲ ನಾವು ವಕಾಲತ್ ಹಾಕೂದಿಲ್ಲ ಅಂದ್ರು. ಯಾರೂ ತಗೊಳ್ಳವಲ್ರು. ಅದಕ್ಕ ನಿಮ್ಮ ಕಡೇನ ಬಂದೀನ್ರಿ."

ಅಜ್ಜ ಹೇಳಿದ್ದು ನಿಜ. ಒಂದೇ ಬಾರಿನಲ್ಲಿ ಕೂತು ಚಹಾ ಕುಡಿಯುವವರು ಒಬ್ಬರ ಮೇಲೊಬ್ಬರು ಖಟ್ಲೆ ನಡೆಸಬಾರದು ಎಂಬ ರೂಢಿ ನಮ್ಮಲ್ಲಿದೆ. ಬರವಣಿಗೆಯಲ್ಲಿ ಎಲ್ಲಿಯೂ ಇಲ್ಲದ, ಯಾರೂ ಮುರಿಯದ ರೂಢಿ. ಅದನ್ನು ನಾನೇ ಎಷ್ಟೋ ಸಲ ದೊಡ್ಡಸ್ತಿಕೆಯಿಂದ ಹೇಳಿಕೊಂಡಿದ್ದೇನೆ. ಅದು ಹೊರಗಿನವನಿಗೆ ಹೇಗೆ ಕಾಣುತ್ತದೆ ಎಂಬುದನ್ನು ಅವತ್ತು ಮೊದಲ ಸಲ ನೋಡಿದೆ.

"ಸೊಸಿ ಓದಿ ಹೇಳಿದ್ಲ್ರಿ," ಅಜ್ಜ ಮುಂದುವರಿಸಿದರು. "ನನ್ನ ಸಾಕ್ಷಿ ಪಿಂಜರಾದಾಗ ಎರಡ ಸಲ ನಿಂದ್ರಿಸಿದ್ರು. ನೀವು ಒಂದ ಸಲದ್ದ ಬರ್ದೀರಿ. ಎರಡನೇದ್ದು ಯಾಕ ಬರೀಲಿಲ್ರಿ? ಪ್ರತಿ ವರ್ಷ ಮಾಸ್ತರ ಪುಣ್ಯತಿಥಿಗೆ ಮೊದಲನೇ ಪದ ನಂದ್ರಿ. ಹೋದ ವರ್ಷ ಜಡ್ಡಾಗಿ ಹೋಗಲಿಲ್ಲ. ಈ ವರ್ಷ ತಾಲೀಮಿಗೆ ಹೋದ್ರ, ನಿಮ್ಮನ್ನ ಯಾರು ಕರದಾರು ಅಂದ್ರು ಮೇಳದ ಹುಡುಗೂರು. ನನಗ ಎಂಬತ್ತಕ್ಕ ಬಂತು. ಇನ್ನೊಂದ ಪುಣ್ಯತಿಥಿ ನೋಡ್ತೀನೋ ಇಲ್ಲೋ."

ಎರಡು ಸಲ ಎಂದ ಕೂಡಲೇ ಆ ನಾಲ್ಕು ಹಾಳೆಗಳು ಕಣ್ಣ ಮುಂದೆ ಬಂದವು. ಅವು ಯಾವ ರುಮಾಲಿನಲ್ಲಿವೆ, ಯಾವ ಹೇಳಿಕೆಯ ಹಿಂದೆ ಹೊಲಿದಿವೆ, ಎಲ್ಲ ಬಂತು. ಬಾಯಿ ಮಾತ್ರ ಬೇರೆ ಹೇಳಿತು.

"ರೆಕಾರ್ಡಿನ್ಯಾಗ ಅಂಥಾ ಹಾಳಿ ಯಾವೂ ಇಲ್ಲ, ಅಜ್ಜಾರ. ನಿಮಗ ವಯಸ್ಸಾಗೈತಿ, ಮರ್ತಿರಬೇಕು."

ಅಜ್ಜ ನನ್ನ ಮುಖ ನೋಡಿದರು. ಪುಸ್ತಕವನ್ನು ತಿರುಗಿ ಕೈಚೀಲಕ್ಕೆ ಹಾಕಿಕೊಂಡು, "ಹೌದ್ರಿ? ಇರಬೇಕ್ರಿ," ಎಂದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎಂಟು ದಿನ ನಾನು ಏನೂ ಮಾಡಲಿಲ್ಲ. ಒಂಬತ್ತನೆಯ ದಿನ ಅಥಣಿ ಕಡೆಯ ಒಂದು ಹೊಡೆದಾಟದ ಖಟ್ಲೆಯಲ್ಲಿ ವಾದ ಮಾಡುತ್ತಿದ್ದೆ. ಎದುರು ಪಕ್ಷದ ಸಾಕ್ಷಿಯೊಬ್ಬ ಪಾಟೀಸವಾಲಿಗೆ ಮುಂಚೆಯೇ ತೀರಿಕೊಂಡಿದ್ದ. ಅವನ ಹೇಳಿಕೆಯನ್ನು ಕಸದ ಬುಟ್ಟಿಗೆ ಹಾಕಬೇಕು ಎನ್ನುವುದು ನನ್ನ ವಾದ. "ಪಾಟೀಸವಾಲು ಆಗದ ಮಾತಿನ ಮೇಲೆ ಒಬ್ಬ ಮನುಷ್ಯನನ್ನು..." ಎಂದು ಶುರು ಮಾಡಿದವನು ನಡುವೆ ನಿಂತುಬಿಟ್ಟೆ. ನ್ಯಾಯಾಧೀಶರು ತಲೆ ಎತ್ತಿ, ಆರೋಗ್ಯ ಸರಿಯಿಲ್ಲವೇ ಎಂದು ಕೇಳಿದರು. ಹೌದೆಂದು ಹೇಳಿ ತಾರೀಖು ತೆಗೆದುಕೊಂಡೆ. ಮಧ್ಯಾಹ್ನ ನೇರ ರೆಕಾರ್ಡ್ ರೂಮಿಗೆ ಹೋದೆ.

"ಆವತ್ತ ನಾ ಕೇಳಿದ್ನಲ್ರಿ ಸಾಹೇಬ್ರ," ಎಂದ ಕಾರಕೂನ. ಅಷ್ಟೇ ಅಂದ, ಆದರೂ ಸಾಕಾಯಿತು.

ನಕಲು ಕೊಡುವುದು ಅವನಿಂದಾಗಲಿಲ್ಲ. ಓದಲು ಬಾರದ್ದನ್ನು ಬರಾಬರ ನಕಲು ಎಂದು ಸಹಿ ಮಾಡುವವರು ಯಾರು? ಮೋಡಿ ಬಲ್ಲ ಹಳೆಯ ಕಾರಕೂನರೊಬ್ಬರು ಆ ನಡುವೆ ತೀರಿಕೊಂಡಿದ್ದರು, ಕೋರ್ಟಿನಲ್ಲಿ ಬೇರೆ ಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಕಡತ ಹೊರಗೆ ಒಯ್ಯುವ ಹಾಗಿಲ್ಲ, ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ. ಕೊನೆಗೆ ಅರ್ಜಿ ಕೊಟ್ಟು ಅಲ್ಲೇ ಕೂತು ತೆಳು ಕಾಗದ ಇಟ್ಟು ತಿದ್ದಿಕೊಳ್ಳಲು ಅಪ್ಪಣೆ ಪಡೆದೆ. ನಾಲ್ಕು ಹಾಳೆಗೆ ಐದು ಮಧ್ಯಾಹ್ನ ಹಿಡಿಯಿತು. ಸೀಸದಕಡ್ಡಿ ಚೂಪು ಮಾಡಿಕೊಂಡು, ಅರ್ಥ ಗೊತ್ತಿಲ್ಲದ ಗೆರೆಗಳ ಮೇಲೆ ಗೆರೆ ಎಳೆಯುತ್ತ ಕೂತೆ. ಕೆಳಗೆ ಹುಳು ತಿಂದ ಜಾಗದಲ್ಲಿ ತೂತನ್ನೂ ಬರೆದುಕೊಂಡೆ. ಕೊನೆಯ ಹಾಳೆಯ ಕೆಳಗೆ ಒಂದು ಹೆಬ್ಬೆಟ್ಟಿತ್ತು. ಮೊದಲ ಹೇಳಿಕೆಯ ಕೆಳಗೆ ಇದ್ದದ್ದರ ಹಾಗೆಯೇ ಅದರ ನಡುವೆಯೂ ಒಂದು ಗಾಯದ ಗೆರೆ. ರೋಜನಾಮೆಗೆ ಸಾಕ್ಷಿಯ ಹೆಬ್ಬೆಟ್ಟು ಯಾರೂ ಹಾಕಿಸುವುದಿಲ್ಲ. ಮೊದಲ ಸಲ ಕಡತ ನೋಡಿದಾಗ ಕೊನೆಯ ಹಾಳೆ ತಿರುವಿದ್ದರೂ ಇದು ತಿಳಿಯುತ್ತಿತ್ತು.

ನಿಪ್ಪಾಣಿಯಲ್ಲಿ ಭೂಮಿ ದಾಖಲೆಯ ಕಚೇರಿಯಿಂದ ನಿವೃತ್ತರಾದ, ಎಲ್ಲರೂ ಅಣ್ಣಾ ಎಂದು ಕರೆಯುತ್ತಿದ್ದ ಮರಾಠಿಗರೊಬ್ಬರಿದ್ದರು. ಸುತ್ತಲಿನ ಹಳೆಯ ಖರೇದಿ ಪತ್ರ ಓದಿಸಲು ಜನ ಅವರ ಬಳಿಗೇ ಹೋಗುತ್ತಿದ್ದರು. ನನ್ನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೇ ಕೋಣಾಚೇ ಹಸ್ತಾಕ್ಷರ?" ಎಂದು ಮುಖ ಸಿಂಡರಿಸಿದರು. ಕೈಬರಹ ನನ್ನದೇ ಎಂದೆ. ನಾನು ಎರಡು ಕಡೆ ಗೆರೆ ಕೂಡಿಸಬಾರದಲ್ಲಿ ಕೂಡಿಸಿದ್ದೆನಂತೆ. ಬೈಯುತ್ತಲೇ ಮೊದಲ ಸಾಲು ಓದಿ ಕನ್ನಡಕ ತೆಗೆದರು.

"ವಕೀಲಸಾಹೇಬ, ಹಾ ರೋಜನಾಮಾ ನಾಹೀ. ಉಲಟತಪಾಸಣೀ ಆಹೇ." ಆಮೇಲೆ ಕನ್ನಡದಲ್ಲಿ, "ರೋಜನಾಮೆ ಅಲ್ರಿ, ಪಾಟೀಸವಾಲು ಐತ್ರಿ ಇದು," ಎಂದರು. ಅವತ್ತು ಕನ್ನಡದ ಕಾರಕೂನ ರಜೆಯ ಮೇಲಿದ್ದಿರಬೇಕು, ಮರಾಠಿಯವನು ತನಗೆ ಬಂದ ಲಿಪಿಯಲ್ಲಿ ಬರೆದುಕೊಂಡಿದ್ದಾನೆ ಎಂದೂ ಹೇಳಿದರು.

ಅವರು ಓದುತ್ತ ಹೋದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಹಿಂದಿನ ತಾರೀಖಿಗೆ ನಾನು ಹೇಳಿದ್ದು ಇನಾಮದಾರರ ಮಂದಿ ಕಲಿಸಿದ ಮಾತು. ಆಗ ನನ್ನ ಅಣ್ಣನನ್ನು ವಾಡೆಯಲ್ಲಿ ಕೂಡಿಹಾಕಿದ್ದರು. ಈಗ ಅಣ್ಣ ಬಿಡುಗಡೆಯಾಗಿದ್ದಾನೆ. ಆ ಪದ ಮಾಸ್ತರರದ್ದಲ್ಲ, ಕಟ್ಟಿದವನು ನಾನು, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಬೇಕು. ನಿನಗೆ ಓದು ಬರಹ ಬಾರದಲ್ಲ ಎಂದು ಕೇಳಿದ್ದಕ್ಕೆ, ಪದ ಕಟ್ಟಲಿಕ್ಕೆ ಬಾಯಿ ಸಾಕು ಎಂದಿದ್ದಾನೆ. ಕೊನೆಯ ಸಾಲು ಇದು: ಈ ಮಾತು ಹೇಳಿದ ಮೇಲೆ ಆ ಊರಿನಲ್ಲಿ ನಾನು ಬೆಳೆಯ ಪಾಲು ಕೊಟ್ಟು ಕೋರಿಗೆ ಮಾಡುವ ಇನಾಮದಾರರ ಹೊಲ ನನಗೆ ಉಳಿಯುವುದಿಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಣ್ಣಾ ಓದು ನಿಲ್ಲಿಸಿ, "ಈ ಮನಶಾ ಯಾರ್ರಿ?" ಎಂದು ಕೇಳಿದರು. ಅಳು ಬಂತು. ಅಷ್ಟು ವಯಸ್ಸಿನ ಅಪರಿಚಿತರ ಮನೆಯಲ್ಲಿ ಕೂತು ಅತ್ತೆ.

ಅಳುವುದು ಸುಲಭ, ವಕೀಲನ ಬುದ್ಧಿ ಬಿಡುವುದು ಕಷ್ಟ. ಮರುದಿನದ ಹೊತ್ತಿಗೆ ಆ ಬುದ್ಧಿ ತಿರುಗಿ ಬಂತು. ಪುಸ್ತಕದೊಳಗೆ ಒಂದು ತಿದ್ದುಪಡಿ ಚೀಟಿ ಹಾಕಿದರಾಯಿತು ಎಂದ ಪ್ರಕಾಶಕ. ಮೂರು ಸಲ ಕರಡು ಮಾಡಿದೆ. "ಕಣ್ತಪ್ಪಿನಿಂದ ಕೆಲವು ದಾಖಲೆಗಳು ಬಿಟ್ಟುಹೋಗಿದ್ದು, ಮೂರನೆಯ ಸಾಕ್ಷಿಯ ಕುರಿತ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಲಾಗಿದೆ." ನಾನು ಎಂಬ ಶಬ್ದ ಎಲ್ಲಿಯೂ ಬಾರದಂತೆ ನೋಡಿಕೊಂಡಿದ್ದೆ. ಅಜ್ಜ ನಾಳೆ ನಿಜವಾಗಿಯೂ ಖಟ್ಲೆ ಹಾಕಿದರೂ ಆ ಚೀಟಿ ನನ್ನ ಮೇಲೆ ಪುರಾವೆಯಾಗುವಂತಿರಲಿಲ್ಲ.

ಅದನ್ನು ಹಿಡಿದು ಶೇಡಬಾಳಕ್ಕೆ ಹೋದೆ. ಹೊರಸಿನ ಮೇಲೆ ಕೂತಿದ್ದ ಅಜ್ಜ, "ಬರ್ರಿ, ಕೂಡ್ರಿ. ಬಿಸಲಾಗ ಬಂದೀರಿ," ಎಂದು ನೀರು ತರಿಸಿದರು. ಮೋಡಿಯ ಹಾಳೆಯಲ್ಲಿದ್ದದ್ದನ್ನು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ನಡುವೆ ಒಂದು ಕಡೆ, "ಹೌದು, ಹಿಂಗ ಅಂದಿದ್ನಿ," ಎಂದರು. ಆಮೇಲೆ ಸೊಸೆ ನನ್ನ ಚೀಟಿ ಓದಿದಳು.

"ಕಣ್ತಪ್ಪು ಅಂದ್ರ ಏನವಾ?" ಅಜ್ಜ ಸೊಸೆಯನ್ನು ಕೇಳಿದರು.

"ಕಾಣಲಿಲ್ಲ ಅಂತ, ಮಾವಾರ."

"ಕಾಣಲಿಲ್ಲೇನ್ರಿ, ವಕೀಲಸಾಹೇಬ್ರ?"

ಅಜ್ಜ ಚೀಟಿಯನ್ನು ಮಡಿಸಿ ನನ್ನ ಕೈಯಲ್ಲಿಟ್ಟರು. "ಇದನ್ನ ಯಾರ ಓದ್ತಾರ್ರಿ? ಮಾಸ್ತರ ಊರಾಗ ನಿಮ್ಮ ಪುಸ್ತಕ ಓದಿದವ್ರು ಇಬ್ಬರು, ಕೇಳಿದವ್ರು ಇಡೀ ಊರು. ಮುಂದಿನ ತಿಂಗಳ ಪುಣ್ಯತಿಥಿ ಐತಿ. ಅಲ್ಲಿಗೆ ಬರ್ರಿ. ನಾ ಕೇಳ್ತೀನಿ, ನೀವು ಹೌದು ಇಲ್ಲ ಅಷ್ಟ ಹೇಳ್ರಿ. ಕೇಸ್ ಬ್ಯಾಡ, ಏನ ಬ್ಯಾಡ."

ನನ್ನ ಒಳಗಿನ ವಕೀಲ ಕೂಗಿ ಹೇಳಿದ, ಹೋಗಬೇಡ, ಇಡೀ ಊರೇ ಸಾಕ್ಷಿಯಾಗುತ್ತದೆ. ಯೋಚಿಸಿ ತಿಳಿಸುತ್ತೇನೆ ಎಂದು ಎದ್ದೆ. ಚಪ್ಪಲಿ ಮೆಟ್ಟುವಾಗ ಸೊಸೆ ಮೆಲ್ಲಗೆ, "ಮಾವಾರು ಈ ವರ್ಷ ತುಂತುಣಿ ಕೆಳಗ ಇಳಿಸೇ ಇಲ್ರಿ," ಎಂದಳು. ಒಳಗೋಡೆಯ ಗೂಟಕ್ಕೆ ಅದು ತೂಗುತ್ತಿತ್ತು. ಬರುತ್ತೇನೆ ಎಂದು ಅಲ್ಲೇ ಹೇಳಿದೆ. ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ. ಇನ್ನೊಂದು ದಿನ ಕೊಟ್ಟರೆ ನಾನು ಜಾರುತ್ತೇನೆ ಎಂದು ನನಗೇ ಗೊತ್ತಿತ್ತು.

ಪುಣ್ಯತಿಥಿಯ ದಿನ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಊರು ನೆರೆದಿತ್ತು. ಹಿಂದಿನ ವರ್ಷ ಶಾಲು ಹೊದಿಸಿದ ಜಾಗದಲ್ಲೇ, ಹೆಣ್ಣುಮಕ್ಕಳ ಎದುರು, ಮುದುಕರ ಎದುರು, ಮೇಳದ ಹುಡುಗರ ಎದುರು ನಿಂತೆ. ಮೋಡಿಯ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿದೆ. ಹೊಲದ ಸಾಲಿಗೆ ಬಂದಾಗ ಹಿಂದೆ ಯಾರೋ "ಅಯ್ಯೋ ಶಿವನ" ಎಂದರು. ಆಮೇಲೆ ಅಜ್ಜ ಕೋಲೂರಿ ಎದ್ದರು.

"ಶೇಡಬಾಳದಾಗ ನಾ ಅದೀನಿ ಅಂತ ಬರಿಯೂ ಮೊದಲ ನಿಮಗ ಗೊತ್ತಿತ್ತೇನ್ರಿ?"

"ಹೌದು."

"ನನ್ನ ಕೇಳಾಕ ಬಂದಿದ್ರೇನು?"

"ಇಲ್ಲ."

"ಈ ಹಾಳಿ ಆವತ್ತ ನಿಮ್ಮ ಕಣ್ಣಿಗೆ ಬಿದ್ದಿದ್ದುವೇನು?"

"ಹೌದು."

ಇಷ್ಟು ನಾನು ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡು ಬಂದದ್ದೇ. ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ನನ್ನ ಆಫೀಸಿನಲ್ಲಿ ನಡೆದದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಶೇಡಬಾಳದಲ್ಲಿ ಅದರ ಮಾತು ಅವರೂ ತೆಗೆದಿರಲಿಲ್ಲ, ನಾನೂ ತೆಗೆದಿರಲಿಲ್ಲ.

"ನಾ ಚಿಕ್ಕೋಡಿಗೆ ಬಂದು ಎರಡನೇ ಹೇಳಿಕಿ ಎಲ್ಲಿ ಅಂತ ಕೇಳಿದ್ನಿ. ಅಂಥಾ ಹಾಳಿ ಇಲ್ಲ, ನೀವು ಮರ್ತಿರಬೇಕು ಅಂದ್ರಿ. ಹಂಗ ಅನ್ನೂ ಮುಂದ, ಹಾಳಿ ಅದಾವು ಅಂತ ನಿಮಗ ಗೊತ್ತಿತ್ತೇನ್ರಿ?"

ಜನ ನನ್ನನ್ನೇ ನೋಡುತ್ತಿದ್ದರು. ಗೊತ್ತಿರಲಿಲ್ಲ ಎಂದರೆ ಸುಳ್ಳು ಎಂದು ತೋರಿಸಲು ಭೂಮಿಯ ಮೇಲೆ ಯಾವ ದಾಖಲೆಯೂ ಇರಲಿಲ್ಲ.

"ಹೌದು, ಗೊತ್ತಿತ್ತು," ಎಂದೆ.

ಅಜ್ಜ ಗೋಣು ಹಾಕಿ, "ಸಾಕ್ರಿ," ಎಂದರು. ಕೋಲನ್ನು ಶಾಲೆಯ ಬಾಗಿಲಿಗೆ ಆನಿಸಿಟ್ಟು ಮೇಳದ ಕಡೆ ತಿರುಗಿದರು. ಮೇಳದಲ್ಲಿ ದಪ್ಪು ಬಾರಿಸುವ ಹುಡುಗ ತಾನು ಕೂತ ಜಾಗ ಬಿಟ್ಟು ಸರಿದ. ಸೊಸೆ ತುಂತುಣಿ ತಂದು ಕೊಟ್ಟಳು. ಮೊದಲನೆಯ ಪದ ಅವರೇ ಎತ್ತಿದರು. ಕಂಠ ಒಡೆದಿತ್ತು, ಎರಡನೆಯ ನುಡಿಗೆ ಉಸಿರು ಸಾಲದಾದಾಗ ಮೇಳದ ಹುಡುಗರು ತಾವಾಗಿ ಎತ್ತಿಕೊಂಡರು.

ಇಳಿಯಿರಿ ಎಂದು ಹೇಳುವವರೆಗೆ ಸಾಕ್ಷಿ ಇಳಿಯಬಾರದು, ನಮ್ಮ ಕೋರ್ಟುಗಳ ನಡತೆ ಅದು. ನನಗೆ ಯಾರೂ ಹೇಳಲಿಲ್ಲ. ನನ್ನ ಕಡೆ ಯಾರೂ ನೋಡಲೂ ಇಲ್ಲ. ಪದ ಮುಗಿಯುವವರೆಗೆ ನಾನು ಅಲ್ಲೇ ನಿಂತಿದ್ದೆ.